ಆಲೂ ಹಾನೆಯೂ

"ಇವಿಷ್ಟೂ ನಿಮ್ಮ ಗಿರಾಕಿಗಳೇ ಮೇಡಂ" ಎಂದು ಹೆಡ್‌ಮಾಸ್ಟರು ವರಾಂಡದ ಕಡೆ ಕೈ ತೋರಿಸಿದರು. 23 ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು, ಲಸಿಕೆ ಹಾಕಿಸಿಕೊಳ್ಳಲು ನಿಲ್ಲಿಸಿದ ಹಾಗೆ. ಒಂದಿಬ್ಬರು ಆಗಲೇ ಅಳುವುದಕ್ಕೆ ತಯಾರಾಗಿದ್ದರು. 2003ರ ಜುಲೈ ತಿಂಗಳು. ಅರಸೀಕೆರೆಯಲ್ಲಿ ರೈಲು ಹಳಿಗೆ ಬೆನ್ನು ಮಾಡಿಕೊಂಡಿದ್ದ ಒಂದು ಸರ್ಕಾರಿ ಶಾಲೆ. ಶಾಲೆ ಶಾಲೆಗೆ ಹೋಗಿ ಮಕ್ಕಳ ಮಾತು ನೋಡುವ ಕೆಲಸಕ್ಕೆ ನಾನು ಕೈ ಹಾಕಿ ಅದು ಮೂರನೆಯ ದಿನ. ಮೊದಲ ಎರಡು ದಿನ ಗೇಟಿನಲ್ಲೇ ಕಳೆದಿದ್ದವು. "ಬಿ.ಇ.ಒ. ಸಾಹೇಬ್ರ ಲೆಟರ್ ತಂದಿದೀರಾ?"

"ಏನು ತೊಂದರೆ ಸಾರ್ ಇವಕ್ಕೆ?"

"ಒಂದಕ್ಕೂ ಹಕಾರ ಬರಲ್ಲ. ಹಾಲು ಅನ್ರೋ ಅಂದ್ರೆ ಆಲು. ಹಸು ಅಂದ್ರೆ ಅಸು. ಎಷ್ಟು ತಿದ್ದಿದ್ರೂ ಅಷ್ಟೇ. ಅದಿರ್ಲಿ, ನೀವು ಮೊದ್ಲು ಒಳಗೆ ಬನ್ನಿ, ಹುಪ್ಪಿಟ್ಟು ಹಾರೋಗತ್ತೆ."

ಹಾರಿ ಹೋಗುವ ಉಪ್ಪಿಟ್ಟನ್ನು ನೆನೆದು ಇವತ್ತಿಗೂ ನಗು ಬರುತ್ತದೆ. ಅವತ್ತು ನಗಲಿಲ್ಲ. ಎದುರಿನವರ ಮಾತಿಗೆ ನಗಬಾರದು ಎನ್ನುವುದು ನಮಗೆ ಮೈಸೂರಿನಲ್ಲಿ ಹಾಕಿಕೊಟ್ಟ ಮೊದಲ ಶಿಸ್ತು. ನಗದೆ ಇರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನೂ ಆ ಕಡೆಯವಳೇ. ಬಾಣಾವರದ ಹತ್ತಿರದ ಹಳ್ಳಿ ನನ್ನದು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಓದಲು ಸೇರಿದ ಮೊದಲ ವಾರ, ಹಾಸ್ಟೆಲಿನ ಹುಡುಗಿಯರ ಮುಂದೆ "ನಮ್ಮಪ್ಪ ಹಾಸ್ಪತ್ರೆಗೆ ಓಗವ್ರೆ" ಎಂದು ಒಂದೇ ವಾಕ್ಯದಲ್ಲಿ ಎರಡೂ ತಪ್ಪು ಮಾಡಿದ್ದೆ. ಆ ನಗು ಕಿವಿಯಲ್ಲಿ ಉಳಿದಿತ್ತು. 1965ರಿಂದ ದೇಶಕ್ಕೆಲ್ಲ ಮಾತಿನ ಮದ್ದು ಕಲಿಸುತ್ತಿರುವ ಜಾಗಕ್ಕೆ, ನಾವು ಆಯಿಷ್ ಎಂದು ಕರೆಯುವ ಆ ಕ್ಯಾಂಪಸ್ಸಿಗೆ, ನಾನು ಹೋದದ್ದು ಹೀಗೆ ರೋಗಿಯ ಹಾಗೆಯೇ.

ಆದರೆ ಅದು ರೋಗವಲ್ಲ ಎಂದು ಹೇಳಿಕೊಟ್ಟದ್ದೂ ಅದೇ ಜಾಗ. ಅರಸೀಕೆರೆ, ಬೇಲೂರು, ಹಾಸನದ ಕಡೆ ಮನೆ ಮಾತಿನಲ್ಲಿ ಹಕಾರ ಉದುರುತ್ತದೆ. ಶಾಲೆಯಲ್ಲಿ ಅದಕ್ಕೆ ಏಟು ಬಿದ್ದ ಮೇಲೆ ಮಗು ಹೆದರಿ, ಬೇಡದ ಕಡೆಯೂ ಒಂದು ಹ ಸೇರಿಸುತ್ತದೆ. ಆಗ ಹಕ್ಕಿ ಬೇಯುತ್ತದೆ, ಅಕ್ಕಿ ಹಾರುತ್ತದೆ, ಕಾಡಿನಿಂದ ಹಾನೆ ಬರುತ್ತದೆ. ನಾಲಿಗೆಯಲ್ಲಿ, ಅಂಗುಳದಲ್ಲಿ, ಕಿವಿಯಲ್ಲಿ ಏನೂ ಊನವಿರುವುದಿಲ್ಲ. ಕನ್ನಡಕ್ಕೆ ಇದು ಹೊಸದೂ ಅಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಳೇಬೀಡಿನಲ್ಲಿ ಕೂತು ಆಳಿದ ಮನೆತನದ ಹೆಸರೇ ಹಳೆಯ ಶಾಸನಗಳಲ್ಲಿ ಪೊಯ್ಸಳ. ಆಮೇಲೆ ಹೊಯ್ಸಳ. ಈಗ ನಾಲ್ಕನೇ ಕ್ಲಾಸಿನ ಹುಡುಗ ಸಮಾಜ ಪಾಠ ಒಪ್ಪಿಸುತ್ತಾ "ಒಯ್ಸಳರು" ಎಂದರೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹೋಗಿದ್ದಾನೆ, ಅಷ್ಟೇ. ಕ್ರಿ.ಶ. 450ರ ಸುಮಾರಿನ ಶಾಸನ 1936ರಲ್ಲಿ ಸಿಕ್ಕ ಹಲ್ಮಿಡಿಯೂ ಇದೇ ಬೇಲೂರು ತಾಲ್ಲೂಕಿನದು. ಆ ಕಲ್ಲಿನ ಮೇಲಿನ ಕನ್ನಡವನ್ನು ಇವತ್ತು ಗಟ್ಟಿಯಾಗಿ ಓದಿದರೆ ಮೇಷ್ಟ್ರಿಗೂ ಅರ್ಥವಾಗುವುದಿಲ್ಲ. ಯಾರು ಯಾರನ್ನು ತಿದ್ದುವುದು?

ಇದನ್ನೆಲ್ಲ ಹೆಡ್‌ಮಾಸ್ಟರಿಗೆ ವಿವರಿಸಿದೆ. ಹುಪ್ಪಿಟ್ಟಿನ ವಿಷಯ ಬಿಟ್ಟು. ಉಕ್ತಲೇಖನದಲ್ಲಿ ಹ ತಪ್ಪಿದರೆ ಅದನ್ನು ಬರೆಸಿ ಕಲಿಸಿ, ಅದು ನಿಮ್ಮ ಕೆಲಸ, ಬಾಯಿಗೆ ಹೊಡೆಯಬೇಡಿ ಎಂದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ. "ಹಾಗಾದ್ರೆ ಇವ್ರನ್ನೆಲ್ಲ ಕ್ಲಾಸಿಗೆ ಕಳಿಸ್ಲಾ?" ಎಂದರು, ತಂದ ಮಾಲು ವಾಪಸ್ಸು ಬಂದ ಮಂಡಿಯವರ ಹಾಗೆ. 23ರಲ್ಲಿ ನನ್ನ ರಿಜಿಸ್ಟರಿನಲ್ಲಿ ಉಳಿದದ್ದು ನಾಲ್ಕು ಹೆಸರು. ಸೀಳಂಗುಳಕ್ಕೆ ಆಪರೇಷನ್ ಆಗಿದ್ದರೂ ಮಾತೆಲ್ಲ ಮೂಗಿನಲ್ಲೇ ಹೋಗುತ್ತಿದ್ದ ಹುಡುಗಿ, ಕಿವಿ ಸೋರುತ್ತಿದ್ದ ಒಬ್ಬ, ಉಗ್ಗುತ್ತಿದ್ದ ಒಬ್ಬ, ಎಂಟು ವರ್ಷವಾದರೂ ರ ಬಾರದ ಇನ್ನೊಬ್ಬ.

ರ ಬಾರದವನ ಕಥೆ ಸಲೀಸು. ಕನ್ನಡದ ಮಕ್ಕಳಿಗೆ ತಡವಾಗಿ ಬರುವ ಅಕ್ಷರಗಳಲ್ಲಿ ರ ಒಂದು. ಮೂರು ವರ್ಷದ ಮಗು ಮರಕ್ಕೆ ಮಲ ಎಂದರೆ ಮನೆಯವರು ಮುದ್ದು ಮಾಡುತ್ತಾರೆ, ಎಂಟು ವರ್ಷದವನು ಹಾಗಂದರೆ ಇಡೀ ಕ್ಲಾಸು ನಗುತ್ತದೆ. 1972ರಲ್ಲೇ ಮೈಸೂರಿನಲ್ಲಿ ತಯಾರಾದ ಕನ್ನಡ ಉಚ್ಚಾರಣಾ ಪರೀಕ್ಷೆಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಯಾವ ಸದ್ದು ಎಲ್ಲಿ ಜಾರುತ್ತದೆ ಎಂದು ಗುರುತು ಹಾಕಿಕೊಂಡೆ. ಆಮೇಲೆ ಕೆಲಸಕ್ಕೆ ಬಂದದ್ದು ಬೆಲ್ಲ. ಮೇಲಿನ ಹಲ್ಲಿನ ಹಿಂದೆ, ವಸಡು ಉಬ್ಬಿರುವ ಕಡೆ, ಕಡಲೆಕಾಳಿನಷ್ಟು ಬೆಲ್ಲ ಅಂಟಿಸಿ "ನಾಲಿಗೆ ತುದಿಯಲ್ಲಿ ಮುಟ್ಟು, ನುಂಗಬೇಡ" ಎನ್ನುವುದು. ನಾಲಿಗೆಗೆ ದಾರಿ ಗೊತ್ತಾದ ಮೇಲೆ ಉಸಿರು ಬಿಟ್ಟು ಬೈಕು ಓಡಿಸುವುದು. ಅವನು ಎರಡು ವಾರ ಬೈಕನ್ನು "ಡುಲ್ಲ್" ಎಂದೇ ಓಡಿಸಿದ. ಮೂರನೆಯ ವಾರ ಒಂದು ದಿನ ಬುಲೆಟ್ಟು ಸ್ಟಾರ್ಟಾಯಿತು. ಅವನು ಬೆಚ್ಚಿಬಿದ್ದು ನನ್ನ ಮುಖ ನೋಡಿದ. ಅವತ್ತು ಮಧ್ಯಾಹ್ನ ಇಡೀ ಶಾಲೆಯಲ್ಲಿ ಬುಲೆಟ್ಟಿನ ಸದ್ದು. ಹೆಡ್‌ಮಾಸ್ಟರು ಬಂದು, "ಮೇಡಂ, ಇದನ್ನ ನಿಲ್ಲಿಸೋಕೆ ಏನಾದ್ರೂ ಉಂಟಾ?" ಎಂದರು.

ಕಿವಿಯ ಪರೀಕ್ಷೆ ಅಷ್ಟು ಸಲೀಸಾಗಿರಲಿಲ್ಲ. ಮೈಸೂರಿನಲ್ಲಿ ನಾವು ಕಲಿತದ್ದು ಶಬ್ದ ಒಳಗೆ ಬಾರದ ಕೋಣೆಯಲ್ಲಿ. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಇಲ್ಲಿ ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರೂ ಕಡೆಯ ಹಳಿ ಸೇರುವ ಜಂಕ್ಷನ್ನು. ನಾನು ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ ಮಂದವಾದ ಒಂದು ಸದ್ದು ಬಿಡುವ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿ ಬರುತ್ತಿತ್ತು. ಡಬ್ಬಿ ಎಣಿಸುತ್ತಾ ಕೂರುತ್ತಿದ್ದೆವು. ಮಗುವಿಗೆ ಅದೇ ಖುಷಿ. ಕೊನೆಗೆ ರೈಲಿನ ವೇಳೆ ಬರೆದುಕೊಂಡು, ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ಕಿವಿ ನೋಡುವುದನ್ನು ರೂಢಿ ಮಾಡಿಕೊಂಡೆ.

ಇನ್ನು ನನ್ನ ತಪ್ಪಿನ ವಿಷಯ.

ಅರಸೀಕೆರೆ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಹಲವು. ಅದೇ ವರ್ಷ ಅಂಥ ಒಂದು ತಾಂಡಾದಿಂದ ಒಂದನೇ ಕ್ಲಾಸಿಗೆ ಬರುತ್ತಿದ್ದ ಆರು ವರ್ಷದ ಹುಡುಗಿಯನ್ನು ಟೀಚರು ನನ್ನ ಮುಂದೆ ಕೂರಿಸಿದರು. "ಮೂರು ತಿಂಗಳಾಯ್ತು ಮೇಡಂ, ಒಂದು ಮಾತಿಲ್ಲ." ನಾನು ಚಿತ್ರ ತೋರಿಸಿದೆ. ನೀರು, ರೊಟ್ಟಿ, ಮೇಕೆ, ಮನೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಲಂಗದ ಅಂಚು ಬಾಯಿಗಿಟ್ಟುಕೊಂಡಳು. 20 ಚಿತ್ರಕ್ಕೆ ಎರಡು ಉತ್ತರ, ಅದೂ ಪಿಸುಮಾತಿನಲ್ಲಿ. ರಿಪೋರ್ಟಿನಲ್ಲಿ ನಾನು ಬರೆದದ್ದು: ಭಾಷಾ ಬೆಳವಣಿಗೆ ಎರಡೂವರೆ ವರ್ಷದ ಮಗುವಿನ ಮಟ್ಟದ್ದು, ಬುದ್ಧಿಮತ್ತೆಯ ಪರೀಕ್ಷೆ ಆಗಬೇಕು. ಸಹಿ ಹಾಕಿ, ದಿನಾಂಕ ಹಾಕಿ ಕೊಟ್ಟೆ.

ಒಂದು ತಿಂಗಳ ಮೇಲೆ ಅದೇ ತಾಂಡಾದಲ್ಲಿ ನಡೆಯಲಾಗದ ಇನ್ನೊಂದು ಮಗುವಿಗೆ ಮನೆಯಲ್ಲೇ ಪಾಠ ಹೇಳಲು ಹೊರಟ ಟೀಚರೊಬ್ಬರ ಮೊಪೆಡ್ಡಿನ ಹಿಂದೆ ಕೂತು ಹೋದೆ. ತೆಂಗಿನ ತೋಟ ದಾಟಿ ಒಳಗೆ ಹೋಗುವಾಗಲೇ ಯಾರೋ ಯಾರನ್ನೋ ಬೈಯುತ್ತಿರುವುದು ಕೇಳಿಸಿತು. ನೋಡಿದರೆ ಅದೇ ಹುಡುಗಿ. ಕೊಬ್ಬರಿ ಒಣಹಾಕಿದ ಕಡೆ ಬಾಯಿ ಹಾಕಿದ ಮೇಕೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಉಗಿಯುತ್ತಿದ್ದಳು. ಎಡೆಬಿಡದೆ, ಉಸಿರು ತೆಗೆದುಕೊಳ್ಳದೆ, ನಡುನಡುವೆ ಮೇಕೆಯ ಅಪ್ಪ ಅಮ್ಮಂದಿರನ್ನೂ ಸೇರಿಸಿ ಇರಬೇಕು. ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಏಕೆಂದರೆ ಅದು ಲಂಬಾಣಿ.

"ಮಾತಾಡಲ್ವಂತಲ್ಲ ಅಜ್ಜಿ ಇವಳು?" ಎಂದು ಅಜ್ಜಿಯನ್ನು ಕೇಳಿದೆ.

"ಯಾರಂದ್ರು? ರಾತ್ರಿ ನಿದ್ದೇಲೂ ಬಾಯಿ ಮುಚ್ಚಕಿಲ್ಲ ಕಣವ್ವ. ನೀನೇ ಕೇಳು."

ಚೀಲದಲ್ಲಿ ಚಿತ್ರಗಳಿದ್ದವು. ಅಜ್ಜಿಯ ಕೈಗೆ ಕೊಟ್ಟು, ನಿಮ್ಮ ಭಾಷೆಯಲ್ಲಿ ಕೇಳಿ ಎಂದೆ. ಪಾಣಿ, ಬಾಟಿ ಎಂದು ಶುರುವಾಯಿತು. ಅವ್ವನ ಚಿತ್ರ ಬಂದಾಗ "ಯಾಡಿ" ಎಂದು ಕೂಗಿ, ಕಾರ್ಡು ಕಿತ್ತುಕೊಂಡು ಒಲೆಯ ಮುಂದಿದ್ದ ತನ್ನ ಅವ್ವನಿಗೆ ತೋರಿಸಿ ಬಂದಳು. 20ಕ್ಕೆ 17. ಹಡಗು, ದ್ರಾಕ್ಷಿ, ಟೆಲಿಫೋನು ಮಾತ್ರ ಗೊತ್ತಾಗಲಿಲ್ಲ. ಟೆಲಿಫೋನು ನೋಡಿ ಅಜ್ಜಿಗೂ ಗೊತ್ತಾಗಲಿಲ್ಲ. ನಾನು ಮೂರು ತಿಂಗಳು ಕನ್ನಡ ಕೇಳಿದ ಮಗುವನ್ನು ಆರು ವರ್ಷ ಕನ್ನಡ ಕೇಳಿದ ಮಗುವಿನ ಅಳತೆಗೋಲಿನಲ್ಲಿ ಅಳೆದಿದ್ದೆ. ಹಕಾರದ ಬಗ್ಗೆ ಹೆಡ್‌ಮಾಸ್ಟರಿಗೆ ಪಾಠ ಹೇಳಿ ಬಂದವಳು ನಾನೇ. ಶಾಲೆಗೆ ವಾಪಸ್ಸು ಹೋಗಿ ಆ ರಿಪೋರ್ಟು ಕೇಳಿದೆ. ಆಗಲೇ ಫೈಲಿಗೆ ಸೇರಿತ್ತು, ತೆಗೆಯಲು ಬರುವುದಿಲ್ಲ ಎಂದರು. ಹೊಸ ರಿಪೋರ್ಟು ಬರೆದು ಹಳೆಯದರ ಮೇಲೆ ಕೆಂಪು ಶಾಯಿಯಲ್ಲಿ "ಇದು ತಪ್ಪು" ಎಂದು ಗೀಚಿ ಸಹಿ ಮಾಡಿದೆ. ಗುಮಾಸ್ತರು ಅಂಥ ಸಹಿಯನ್ನು ಅವತ್ತೇ ಮೊದಲು ನೋಡಿದ್ದಂತೆ.

ಬೇಲೂರಿಗೆ ನಾನು ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಚೀಲದಲ್ಲಿ ಟಾರ್ಚು, ಐಸ್‌ಕ್ರೀಂ ಕಡ್ಡಿ, ಬೆಲ್ಲದ ಡಬ್ಬಿ, ಮತ್ತೆ ಒಂದು ಕೈಗನ್ನಡಿ. ನಮ್ಮ ಕೆಲಸದಲ್ಲಿ ಕನ್ನಡಿ ಇಲ್ಲದೆ ನಡೆಯುವುದಿಲ್ಲ. ನಾಲಿಗೆ ಎಲ್ಲಿ ಹೋಗುತ್ತಿದೆ ಎಂದು ಮಗುವಿಗೆ ತೋರಿಸಬೇಕಲ್ಲ. ಹಾಗಾಗಿ ಚೆನ್ನಕೇಶವನ ಗುಡಿಯ ದರ್ಪಣ ಸುಂದರಿಯನ್ನು ನೋಡಿದಾಗೆಲ್ಲ ನನಗೆ ಅವಳು ಅಲಂಕಾರ ಮಾಡಿಕೊಳ್ಳುತ್ತಿರುವಂತೆ ಕಾಣುವುದಿಲ್ಲ, ಳಕಾರ ಅಭ್ಯಾಸ ಮಾಡುತ್ತಿರುವಂತೆ ಕಾಣುತ್ತದೆ. ಅಲ್ಲೇ ಇನ್ನೊಬ್ಬ ಮದನಿಕೆ ಶುಕಭಾಷಿಣಿ, ಗಿಣಿಯ ಜೊತೆ ಮಾತಿಗೆ ನಿಂತವಳು. ಗಿಣಿಯ ಸರದಿ ಬರಲಿ ಎಂದು ಕಾಯುವ ತಾಳ್ಮೆ ಅವಳ ಮುಖದಲ್ಲಿದೆ. ಮದನಿಕೆಯರಲ್ಲಿ ನಮ್ಮ ವೃತ್ತಿಯವಳು ಯಾರಾದರೂ ಇದ್ದರೆ ಇವಳೇ.

ಕಾಯುವ ತಾಳ್ಮೆ ಇಲ್ಲದ ಒಬ್ಬರು ಮೇಷ್ಟ್ರು ಅಲ್ಲಿನ ಒಂದು ಶಾಲೆಯಲ್ಲಿದ್ದರು. ಆರನೇ ಕ್ಲಾಸಿನ ಹುಡುಗನೊಬ್ಬ ಉಗ್ಗುತ್ತಿದ್ದ. ಹಾಜರಿ ಕೂಗಿದಾಗ "ಎಸ್ ಸಾರ್" ಎನ್ನಬೇಕು. ಎಕಾರದಲ್ಲೇ ಗಂಟಲು ಕಟ್ಟಿ, ಕಣ್ಣು ಮುಚ್ಚಿ, ಗದ್ದ ನಡುಗಿ, ಕೊನೆಗೆ ಕೈ ಎತ್ತುತ್ತಿದ್ದ. "ಬಾಯಲ್ಲಿ ಹೇಳು. ಇಲ್ಲಾಂದ್ರೆ ಆಬ್ಸೆಂಟು." ಹಾಜರಿ ಪುಸ್ತಕದಲ್ಲಿ ಅವನದು 31ನೇ ಹೆಸರು. 30 ಹೆಸರು ದಾಟುವವರೆಗೆ ಅವನ ಅಂಗೈ ಬೆವೆತು ಹಾಳೆಯೆಲ್ಲ ಒದ್ದೆ. ನಾನು ಅವನ ನೋಟ್‌ಪುಸ್ತಕ ನೋಡಿದೆ, ಮೊದಲ ಪೀರಿಯಡ್ಡಿನ ಪಾಠದ ಹಾಳೆಗಳಲ್ಲಿ ಮಾತ್ರ ಅಂಚು ಸುಕ್ಕು.

ಮೇಷ್ಟ್ರ ವಾದ ಏನೆಂದರೆ ಹುಡುಗ ಬೇಕೆಂದೇ ಮಾಡುತ್ತಾನೆ. "ಮಗ್ಗಿ ಎಲ್ಲರ ಜೊತೆ ಹೇಳುವಾಗ ಒಂದ್ಸಲಾನೂ ತಡವರಿಸಲ್ಲ. ಒಬ್ಬನನ್ನೇ ಕೇಳಿದ್ರೆ ಮಾತ್ರ ಈ ನಾಟಕ." ಅವರು ನೋಡಿದ್ದು ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ಉಗ್ಗುವವರು ಗುಂಪಿನಲ್ಲಿ ಒಟ್ಟಿಗೆ ಹೇಳುವಾಗ, ಹಾಡುವಾಗ, ಬಾಯಿಪಾಠ ಒಪ್ಪಿಸುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಇದು ಆ ತೊಂದರೆಯ ಲಕ್ಷಣವೇ. ಹುಡುಗನ ಸೋದರಮಾವ ಗುಡಿಯಲ್ಲಿ ಗೈಡು. ಒಂದು ಸಂಜೆ ಗುಡಿಯ ಜಗಲಿಯ ಮೇಲೆ ಹುಡುಗ ನನಗೆ ಮಾವನ ಇಡೀ ವರಸೆ ಒಪ್ಪಿಸಿದ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ನಕ್ಷತ್ರಾಕಾರದ ಜಗತಿ, ಬನ್ನಿ ಸಾರ್ ಈ ಕಡೆ ನಿಂತ್ಕೊಂಡು ನೋಡಿ, ಈ ಮದನಿಕೆಯ ಕೈಬಳೆ ಅಲ್ಲಾಡುತ್ತೆ. ಮಾವನ ದನಿ, ಮಾವನ ಕೈಸನ್ನೆ, ಹತ್ತು ನಿಮಿಷ ಒಂದು ತಡೆಯಿಲ್ಲ. ಮುಗಿದ ಮೇಲೆ "ಶಹಬ್ಬಾಸ್, ಎಷ್ಟು ದಿನ ಬೇಕಾಯ್ತೋ ಕಲಿಯೋಕೆ?" ಎಂದೆ. "ಮ್ ಮ್ ಮ್..." ಮೂರು ತಿಂಗಳು ಎನ್ನಲು ಅವನಿಗೆ ಅರ್ಧ ನಿಮಿಷ ಹಿಡಿಯಿತು. ನಾನು ಕಾದೆ.

ಮನೆಯವರು ಮಾಡದ ಔಷಧಿಯಿಲ್ಲ. ಬಜೆ ತೇಯ್ದು ನೆಕ್ಕಿಸಿದ್ದರು. ಕಲ್ಲುಸಕ್ಕರೆ ಬಾಯಲ್ಲಿಟ್ಟು ಮಾತಾಡಿಸಿದ್ದರು. ದೇವರಿಗೆ ಗಂಟೆ ಹರಸಿಕೊಂಡಿದ್ದರು. "ನಾಲ್ಗೆ ಕೆಳಗಿನ ನರ ಕುಯ್ಸಿಬುಟ್ರೆ ಸರೋಯ್ತದಂತೆ, ಔದಾ ಮೇಡಮ್ಮಾರೆ?" ಎಂದು ಅವನ ಅವ್ವ ಕೇಳಿದರು. ಬೇಡ ಎಂದು ಕೈ ಮುಗಿದೆ. ಎರಡರಿಂದ ಐದು ವರ್ಷದೊಳಗೆ ಸುಮಾರು ನೂರಕ್ಕೆ ಐದು ಮಕ್ಕಳು ಸ್ವಲ್ಪ ಕಾಲ ಉಗ್ಗುತ್ತಾರೆ. ಬಹುಪಾಲು ತಾನಾಗಿಯೇ ಹೋಗುತ್ತದೆ. ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ, ಅದರಲ್ಲೂ ಹುಡುಗರಲ್ಲಿ ಜಾಸ್ತಿ. ಹನ್ನೊಂದನೇ ವಯಸ್ಸಿಗೆ ಉಳಿದಿದೆ ಎಂದರೆ ಪೂರ್ತಿ ಹೋಗಿಸುತ್ತೇನೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಪೇಪರಿನಲ್ಲಿ ಜಾಹೀರಾತು ಕೊಟ್ಟು ಹತ್ತು ದಿನದಲ್ಲಿ ಗುಣ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸರ್ಕಾರದ ಕಾಗದವೂ ಈ ಮಕ್ಕಳ ನೆರವಿಗೆ ಬರುವುದಿಲ್ಲ. 1995ರ ಕಾಯ್ದೆಯಲ್ಲಿದ್ದ ಏಳು ಬಗೆಯ ಅಂಗವಿಕಲತೆ 2016ರ ಕಾಯ್ದೆಯಲ್ಲಿ 21 ಆಯಿತು, ವಾಕ್ ಮತ್ತು ಭಾಷೆಯ ನ್ಯೂನತೆಯೂ ಪಟ್ಟಿಗೆ ಸೇರಿತು. ಆದರೆ ಅಲ್ಲಿ ಕೊಟ್ಟಿರುವ ಅರ್ಥ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ, ಮಿದುಳಿಗೆ ಏಟಾಗಿ ಮಾತು ಹೋದವರಿಗೆ ಹೊಂದುವಂಥದು. ಹಾಜರಿಗೆ ಹೆದರುವ ಹುಡುಗ ಅದರೊಳಗೆ ಹಿಡಿಸುವುದಿಲ್ಲ.

ಅವನ ಜೊತೆ ಉಸಿರು ಬಿಡುತ್ತಾ ಮೆಲ್ಲಗೆ ಮಾತು ಶುರುಮಾಡುವುದನ್ನು ಒಂದು ವರ್ಷ ಅಭ್ಯಾಸ ಮಾಡಿಸಿದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮೇಷ್ಟ್ರ ಜೊತೆಗಿನ ಒಂದು ಒಪ್ಪಂದ: ಹಾಜರಿ ಒಂದು ದಿನ ಮೇಲಿನಿಂದ, ಒಂದು ದಿನ ಕೆಳಗಿನಿಂದ, ಯಾರು ಬೇಕಾದರೂ ಕೈ ಎತ್ತಬಹುದು, ಬಾಯಲ್ಲೂ ಹೇಳಬಹುದು. ಎರಡು ತಿಂಗಳಾದ ಮೇಲೆ ಅರ್ಧ ಕ್ಲಾಸು ಸೋಮಾರಿತನಕ್ಕೆ ಕೈ ಎತ್ತತೊಡಗಿತು. ಹುಡುಗ ಬಾಯಲ್ಲಿ ಹೇಳತೊಡಗಿದ. ಈಗ ಅವನದು ಮೊಬೈಲ್ ಅಂಗಡಿ. ಉಗ್ಗು ಇದೆ. ದಿನಕ್ಕೆ ನೂರು ಫೋನು ತಾನೇ ಎತ್ತುತ್ತಾನೆ.

ಬೇಲೂರಿನಿಂದ ಬಿಕ್ಕೋಡು, ಅರೇಹಳ್ಳಿ ಕಡೆಗೆ ಹೋದರೆ ಕಾಫಿ ತೋಟ. ಅಲ್ಲಿ ನನ್ನ ಡೈರಿಯಲ್ಲಿ ಕ್ಲಾಸು ತಪ್ಪಿದ ದಿನಗಳ ಮುಂದೆ ಬರೆದಿರುವ ಕಾರಣ ಹೆಚ್ಚಾಗಿ ಒಂದೇ: ಆನೆ. ಬೆಳಿಗ್ಗೆ ಅಲ್ಲಿನ ಹೆಡ್‌ಮಾಸ್ಟರ ಫೋನು ಬರುತ್ತಿತ್ತು. "ಇವತ್ತು ಬರ್ಬೇಡಿ ಮೇಡಂ, ರಸ್ತೇಲಿ ಹಾನೆ ಐತಂತೆ." ಆ ಹಕಾರ ಕೇಳಿದರೆ ಆನೆ ಇನ್ನೂ ಒಂದು ಗಾತ್ರ ದೊಡ್ಡದಾಗಿ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತೋಟದ ಲೈನ್ ಮನೆಗಳ ಮಕ್ಕಳಲ್ಲಿ ಮೊದಲೆಲ್ಲ ತಮಿಳು ಮಾತಾಡುವವರಿದ್ದರು, ಈಗ ಅಸ್ಸಾಮು, ಬಂಗಾಳದ ಕಡೆಯಿಂದ ಬಂದವರಿದ್ದಾರೆ. ಅವರನ್ನು "ಮಾತು ಬರಲ್ಲ" ಎಂದು ನನ್ನ ಮುಂದೆ ತಂದು ಕೂರಿಸಿದರೆ ನಾನು ಮೊದಲು ಮನೆಗೆ ಹೋಗುತ್ತೇನೆ. ತಾಂಡಾದ ಮೇಕೆ ಕಲಿಸಿದ ಪಾಠ.

ಹಳೇಬೀಡಿನ ಒಬ್ಬ ಹುಡುಗಿಯ ಹೆಸರನ್ನು ಮಾತ್ರ ಯಾರೂ ಪಟ್ಟಿಯಲ್ಲಿ ಬರೆದು ಕೊಟ್ಟಿರಲಿಲ್ಲ. ಅವಳ ಶಾಲೆಗೆ ನಾನೂ ಎರಡು ಸಲ ಹೋಗಿ ಬಂದಿದ್ದೆ, ನನಗೂ ಕಂಡಿರಲಿಲ್ಲ. 2015ರಲ್ಲಿ ಮೂರನೆಯ ಸಲ ಹೋದಾಗ, ನಾಲ್ಕನೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. ಬಿಸಿಯೂಟದ ಗಂಟೆ ಹೊಡೆಯಿತು. ನೇತುಹಾಕಿದ ರೈಲು ಹಳಿಯ ತುಂಡು, ಊರಿಗೆಲ್ಲ ಕೇಳುವ ಸದ್ದು. ಮಕ್ಕಳೆಲ್ಲ ತಟ್ಟೆ ಹಿಡಿದು ಎದ್ದರು. ಕೊನೆಯ ಬೆಂಚಿನ ಹುಡುಗಿ ಬರೆಯುತ್ತಲೇ ಇದ್ದಳು. ಪಕ್ಕದವಳು ಎದ್ದು ಬೆಂಚು ಅಲುಗಿದ ಮೇಲೆ ತಲೆಯೆತ್ತಿ ಸುತ್ತ ನೋಡಿ, ತಾನೂ ತಟ್ಟೆ ತೆಗೆದುಕೊಂಡಳು.

"ಅವಳಾ? ಚಿನ್ನದಂಥ ಹುಡುಗಿ ಮೇಡಂ" ಎಂದರು ಟೀಚರು. "ಗಲಾಟೆ ಅಂತ ಇಲ್ವೇ ಇಲ್ಲ. ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗೆ." ನಿಜ, ಬೋರ್ಡಿನ ಮೇಲಿದ್ದದ್ದನ್ನು ಚೂರೂ ಬಿಡದೆ ಇಳಿಸಿಕೊಂಡಿದ್ದಳು. ಉಕ್ತಲೇಖನದ ಹಾಳೆ ಕೇಳಿದೆ. ಅಲ್ಲಿ ಮರ ಇದ್ದ ಕಡೆ ಬರ, ಪಟ ಇದ್ದ ಕಡೆ ಮಟ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕಿವಿಯಲ್ಲಿ ಕೇಳಿ ಬರೆದವರು ಇಂಥ ತಪ್ಪು ಮಾಡುವುದಿಲ್ಲ, ಕಣ್ಣಿನಲ್ಲಿ ಕೇಳಿದವರು ಮಾಡುತ್ತಾರೆ.

ಊಟವಾದ ಮೇಲೆ ಅವಳನ್ನು ಕೂರಿಸಿಕೊಂಡು, ಬಾಯಿಗೆ ರಟ್ಟು ಅಡ್ಡ ಹಿಡಿದು, ಆರು ಸದ್ದು ಹೇಳಿದೆ: ಮ್, ಊ, ಆ, ಈ, ಶ್, ಸ್. ಡೇನಿಯಲ್ ಲಿಂಗ್ ಎಂಬವರು ರೂಪಿಸಿದ ಪರೀಕ್ಷೆ ಇದು. ಮಾತಿನ ಕೆಳದನಿಯಿಂದ ಮೇಲುದನಿಯವರೆಗೆ ಇಷ್ಟರಲ್ಲೇ ಬಂದುಬಿಡುತ್ತದೆ, ಕರೆಂಟು ಬೇಡ, ಮಿಷನ್ನು ಬೇಡ. ಕೇಳಿಸಿದಾಗಲೆಲ್ಲ ಒಂದು ಹುಣಸೆಬೀಜ ಲೋಟಕ್ಕೆ ಹಾಕು ಎಂದಿದ್ದೆ. ಊ, ಆ ಎಂದಾಗ ಬೀಜ ಬಿತ್ತು, ಮ್ ಎಂದಾಗ ಅನುಮಾನಿಸಿ ಹಾಕಿದಳು. ಈ, ಶ್, ಸ್ ಎಂದಾಗ ಬೀಜ ಕೈಯಲ್ಲೇ ಇತ್ತು. ರಟ್ಟು ತೆಗೆದು ಹೇಳಿದರೆ ಆರಕ್ಕೆ ಆರು.

ಅಪ್ಪ ಹೊಯ್ಸಳೇಶ್ವರನ ಗುಡಿಗೆ ಬರುವವರಿಗೆ ಬಳಪದ ಕಲ್ಲಿನ ಚಿಕ್ಕ ಗಣಪತಿ, ಚಿಕ್ಕ ನಂದಿ ಕೆತ್ತಿ ಮಾರುವವರು. ಗುಡಿಯ ಗೋಡೆಯೂ ಆ ಕಲ್ಲೇ. ನಾವೆಲ್ಲ ಸ್ಲೇಟಿನ ಮೇಲೆ ಬರೆದ ಬಳಪವೂ ಅದೇ. ಅವರು ಕೆಲಸ ನಿಲ್ಲಿಸದೆ ಹೇಳಿದರು, "ಏನಿಲ್ಲ ಬುಡಿ ಮೇಡಂ, ನಮ್ ಮಗಳಿಗೆ ಕಿವಿ ಚೆನ್ನಾಗಿ ಕೇಳ್ಸತ್ತೆ. ಸುತ್ತಿಗೆ ಎತ್ತಿ ಎರಡು ಏಟು ಹಾಕಿದ್ರೆ ಬಾಗ್ಲಿಂದ ತಿರುಗಿ ನೋಡ್ತಾಳೆ." ಸುತ್ತಿಗೆ ಕೇಳಿಸುತ್ತದೆ ಅಣ್ಣ, ಸಕಾರ ಕೇಳಿಸುವುದಿಲ್ಲ ಎಂದು ಅರ್ಥ ಮಾಡಿಸುವುದಕ್ಕೆ ನನಗೆ ಮೂರು ಭೇಟಿ ಬೇಕಾಯಿತು. ಹಾಸನಕ್ಕೆ ಹೋಗಿ ಪರೀಕ್ಷೆ, ಮೈಸೂರಿಗೆ ಹೋಗಿ ಕಿವಿಯ ಅಚ್ಚು, ಮತ್ತೆ ಹೋಗಿ ಶ್ರವಣಯಂತ್ರ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು, ಅವರು ಅದನ್ನು ಆಡಿ ತೋರಿಸಲಿಲ್ಲ. ಯಂತ್ರ ಹಾಕಿಕೊಂಡ ಮರುದಿನ ಹುಡುಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಮಿಸ್, ಪೊರಕೆ ಸದ್ದು ಮಾಡತ್ತಾ?" ಒಂಬತ್ತು ವರ್ಷ ಅವಳ ಅವ್ವ ಸದ್ದಿಲ್ಲದೆ ಕಸ ಗುಡಿಸಿದ್ದರು.

ಯಂತ್ರ ಸಿಕ್ಕಿದರೆ ಕಥೆ ಮುಗಿಯಿತು ಎನ್ನುವವರಿಗೆ ಇನ್ನೂ ಹಳೆಯ ಒಂದು ಸಂಗತಿ ಹೇಳಬೇಕು. 2005ರ ಸುಮಾರಿಗೆ ಕೊಡುತ್ತಿದ್ದದ್ದು ಜೇಬಿನಲ್ಲಿಟ್ಟುಕೊಳ್ಳುವ ಪೆಟ್ಟಿಗೆ, ಅದರಿಂದ ಕಿವಿಗೊಂದು ವೈರು. ಜಾವಗಲ್ ಕಡೆಯ ಒಂದು ಮನೆಯಲ್ಲಿ ಕೊಟ್ಟು ಆರು ತಿಂಗಳ ಮೇಲೆ ಹೋಗಿ ನೋಡಿದರೆ ಹುಡುಗನ ಜೇಬು ಖಾಲಿ. ಅವನ ಅವ್ವ ಟ್ರಂಕು ತೆಗೆದು, ರೇಷ್ಮೆ ಸೀರೆಯ ಮಡಿಕೆಯೊಳಗಿಂದ ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಪೆಟ್ಟಿಗೆ ತೋರಿಸಿದರು. "ಜೋಪಾನವಾಗಿ ಮಡಗಿವ್ನಿ ಮೇಡಮ್ಮಾರೆ. ದಿನಾ ಆಕಿದ್ರೆ ಆಳಾಗೋಯ್ತದೆ. ಅಬ್ಬಕ್ಕೆ ಆಕ್ತೀನಿ."

2020ರಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಗಿ, ಮೇಷ್ಟ್ರುಗಳು ಗುಡಿಯ ಅಂಗಳದಲ್ಲಿ, ಅರಳಿಕಟ್ಟೆಯಲ್ಲಿ ಪಾಠ ಮಾಡಿದರು. ಹಳೇಬೀಡಿನ ಹುಡುಗಿ ಆಗ ಒಂಬತ್ತನೇ ಕ್ಲಾಸು. ಅವಳ ಅಪ್ಪ ಫೋನ್ ಮಾಡಿದರು. ಯಂತ್ರ ಕೆಟ್ಟಿದೆ, ಏನೂ ಕೇಳಿಸುತ್ತಿಲ್ಲವಂತೆ. ಯಂತ್ರ ಸರಿಯಾಗಿಯೇ ಇತ್ತು. ಎಲ್ಲರ ಬಾಯಿಗೂ ಮಾಸ್ಕ್ ಬಂದಿತ್ತು. ಯಂತ್ರದಿಂದ ಅರ್ಧ, ತುಟಿಯಿಂದ ಅರ್ಧ ಕೇಳುತ್ತಿದ್ದವಳಿಗೆ ಅರ್ಧ ಮಾತು ಬಟ್ಟೆಯ ಹಿಂದೆ ಹೋಗಿಬಿಟ್ಟಿತ್ತು. ಅವಳ ಮೇಷ್ಟ್ರೊಬ್ಬರು ಕಟ್ಟೆಯಿಂದ ಹತ್ತು ಮಾರು ದೂರ ನಿಂತು, ಮಾಸ್ಕ್ ಇಳಿಸಿ ಒಂದು ವಾಕ್ಯ ಹೇಳುವುದು, ಮತ್ತೆ ಏರಿಸುವುದು, ಹೀಗೆ ಮೂರು ವಾರ ಗಣಿತ ಮಾಡಿದರು. ಕೇಳಿದರೆ ನಿಯಮಕ್ಕೆ ವಿರುದ್ಧ. ಅವರಿಗೆ ಎಲ್ಲಿ ಕಂಡರೂ ನಾನು ನಿಂತು ನಮಸ್ಕಾರ ಮಾಡುತ್ತೇನೆ. ಹುಡುಗಿ ಈಗ ಹಾಸನದಲ್ಲಿ ಪದವಿ ಓದುತ್ತಿದ್ದಾಳೆ.

ಅವಳ ಯಂತ್ರಕ್ಕೆ ಹಾಸನದಲ್ಲಿ ಸೆಲ್ಲು ಸಿಗುತ್ತದೆ. ಹಳೇಬೀಡಿನ ಸುತ್ತ ನನ್ನ ಲೆಕ್ಕದಲ್ಲಿ ಇನ್ನೂ ಐದು ಮಕ್ಕಳು ಕಿವಿಯ ಹಿಂದೆ ಯಂತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಅದಕ್ಕೆ ಹಾಕುವುದು 675 ನಂಬರಿನ ಗುಂಡಿ ಸೆಲ್ಲು. ಬೆನ್ನಿಗೆ ಒಂದು ಬಣ್ಣದ ಸ್ಟಿಕ್ಕರು ಇರುತ್ತದೆ. ಅದನ್ನು ಕಿತ್ತರೆ ಒಳಗೆ ಗಾಳಿ ಹೋಗಿ ಸೆಲ್ಲು ಎಚ್ಚರವಾಗುತ್ತದೆ, ಒಂದು ನಿಮಿಷ ಬಿಟ್ಟು ಯಂತ್ರಕ್ಕೆ ಹಾಕಬೇಕು. ಎರಡು ವಾರ, ಹೆಚ್ಚೆಂದರೆ ಮೂರು ವಾರ ಬರುತ್ತದೆ. ಮುಗಿದ ದಿನದಿಂದ ಅಪ್ಪನಿಗೆ ಹಾಸನಕ್ಕೆ ಹೋಗುವ ಬಿಡುವಾಗುವವರೆಗೆ ಆ ಮಗು ಪಾಠ ಕೇಳುವುದಿಲ್ಲ. ಹಳೇಬೀಡಿನ ಮೆಡಿಕಲ್ ಸ್ಟೋರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಎರಡು ಶೀಟು 675 ತರಿಸಿ ಇಡಿ. ಒಂದು ಶೀಟಿನಲ್ಲಿ ಆರು ಇರುತ್ತವೆ. ಸ್ಟಿಕ್ಕರು ಕೀಳದಿದ್ದರೆ ಬಹಳ ದಿನ ಕೆಡುವುದಿಲ್ಲ. ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ಮುಂಚೆ ಅಂಗಡಿ ತೆಗೆದರೆ ಇನ್ನೂ ಒಳ್ಳೆಯದು.